ಮೊಂಜಿಯಾಳ ಮಗಳು ಮಾತಾಡಿದ ವರ್ಷ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಆ ಲೆಕ್ಕದಲ್ಲಿ ಮೊಂಜಿಯಾ ಏಳು ಬರಗಾಲ ದಾಟಿಯಾಳು. ಗಾಬೆಸ್‌ನ ಹಳೆ ಪೇಟೆಯಿಂದ ಶೆನಿನಿಯ ಖರ್ಜೂರದ ತೋಟಗಳವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಮದುಮಗಳ ಕೈಕಾಲಿಗೆ ಮದರಂಗಿ ಹಚ್ಚಲು ಅವಳೇ ಬೇಕು. ಅವಳನ್ನು ಕರೆದರೆ ಅವಳ ಬಾಯನ್ನೂ ಕರೆದ ಹಾಗೆ. ಮದರಂಗಿ ಒಣಗುವವರೆಗೆ ಮದುಮಗಳು ಮಿಸುಕಾಡುವಂತಿಲ್ಲ. ಆ ಹೊತ್ತನ್ನೆಲ್ಲ ಮೊಂಜಿಯಾ ಮಾತಿನಿಂದಲೇ ತುಂಬುತ್ತಾಳೆ: ಅತ್ತೆಯನ್ನು ಎಲ್ಲಿ ಹೊಗಳಬೇಕು, ಎಲ್ಲಿ ಕೇಳಿಸದವಳ ಹಾಗೆ ಇರಬೇಕು, ಯಾವ ಬೀಗರ ಮನೆಯ ಕುಸ್‌ಕುಸ್‌ನಲ್ಲಿ ಮೀನಿನ ತುಂಡು ಹುಡುಕಲು ದುರ್ಬೀನು ಬೇಕಾಯಿತು. ನಗಿಸಿ ನಗಿಸಿ, ಮದುಮಗಳ ಕೈ ಅಲುಗಿ ಬಣ್ಣ ಚದುರಿದರೆ ಬೈಗುಳವೂ ಮದುಮಗಳಿಗೇ.

ಅದೇ ಕೋಣೆಯ ಮೂಲೆಯಲ್ಲಿ ದಿಂಬಿಗೆ ಒರಗಿ ಅವಳ ಮಗಳು ರಿಹೆಮ್ ಕೂತಿರುತ್ತಾಳೆ. ಹೆರಿಗೆಯಲ್ಲಿ ಉಸಿರು ತಡವಾಗಿ ಬಂದ ಮಗು. ಎಡಗಾಲು ಎಳೆದುಕೊಂಡು ನಡೆಯುತ್ತಾಳೆ. ಕೈಗಳು ತಮಗೆ ತೋಚಿದ ಕಡೆ ಹೋಗುತ್ತವೆ. ಅವಳು ಹೇಳಿದ್ದನ್ನು ಕೇಳುವುದು ಬಲಗೈಯ ತೋರುಬೆರಳು ಒಂದೇ. ನಾಲಿಗೆಯಂತೂ ಒಂದು ದಿನವೂ ಕೇಳಲಿಲ್ಲ. ಮೂರು ವರ್ಷದವಳಿದ್ದಾಗ ಆಸ್ಪತ್ರೆಯ ದೊಡ್ಡ ಡಾಕ್ಟರು, ‘ಇವಳ ಬುದ್ಧಿ ಬೆಳೆಯೋದು ಕಷ್ಟಮ್ಮ, ಹೊಟ್ಟೆಗೆ ಹಾಕಿ, ಶುಚಿಯಾಗಿಟ್ಕೊಳ್ಳಿ’ ಎಂದು ಹೇಳಿ ಮುಂದಿನವರನ್ನು ಕರೆದರು. ಗಿಡಕ್ಕೆ ನೀರು ಹಾಕಿ ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸವೋ.

ಅಲ್ಲಿಂದ ಮಗಳ ಪಾಲಿನ ಮಾತನ್ನೂ ಮೊಂಜಿಯಾಳೇ ಆಡಿದಳು. ‘ರಿಹೆಮ್‌ಗೆ ಹಸಿವಾಗಿದೆ’, ‘ರಿಹೆಮ್‌ಗೆ ಈ ಹಾಡು ಅಂದ್ರೆ ಪ್ರಾಣ’, ‘ರಿಹೆಮ್‌ಗೆ ನಿಮ್ಮನ್ನ ಕಂಡ್ರೆ ಇಷ್ಟ’. ನಿಜವೋ ಸುಳ್ಳೋ, ಅಲ್ಲ ಎನ್ನುವವರು ಯಾರೂ ಇರಲಿಲ್ಲವಲ್ಲ. ಒಮ್ಮೆ ಒಂದು ಮದುವೆ ಮನೆಯಲ್ಲಿ ಮುದುಕಿಯೊಬ್ಬಳು ಸಮಾಧಾನ ಹೇಳಲು ಬಂದಳು.

“ಮಾತು ಬೆಳ್ಳಿ, ಮೌನ ಬಂಗಾರ ಕಣೇ ಮೊಂಜಿಯಾ. ನಿನ್ನ ಮನೇಲಿ ಬಂಗಾರ ಇದೆ ಅಂದ್ಕೊ.”

“ಬಂಗಾರ ನೀವೇ ಇಟ್ಕೊಳ್ಳಿ ಖಾಲ್ತಿ, ಕೊರಳ ತುಂಬ ಹಾಕ್ಕೊಳ್ಳಿ,” ಎಂದಳು ಮೊಂಜಿಯಾ. ಖಾಲ್ತಿ ಎಂದರೆ ಚಿಕ್ಕಮ್ಮ. ವಯಸ್ಸಾದ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. “ನನ್ನ ಮಗಳಿಗೆ ಕಡಲೆಕಾಳಿನಷ್ಟು ಬೆಳ್ಳಿ ಸಿಕ್ಕಿದ್ರೆ ಸಾಕು.”

ಆ ಬೆಳ್ಳಿಯ ಸುದ್ದಿ ತಂದವನು ಕೇರಿಯ ಓಮ್ದಾ, ಸಿ ಲಝ್ಹರ್. ಸಿ ಎನ್ನುವುದು ಗೌರವಕ್ಕೆ. ಓಮ್ದಾ ಎಂದರೆ ಕೇರಿಗೂ ಸರ್ಕಾರಕ್ಕೂ ನಡುವೆ ಓಡಾಡುವ ಮನುಷ್ಯ. ಮದುವೆ ಊಟಕ್ಕೂ ಸಾವಿನ ಮನೆಗೂ ಎಲ್ಲರಿಗಿಂತ ಮೊದಲು ಬರುತ್ತಾನೆ. ರಿಹೆಮ್‌ಗೆ ಹದಿನಾರು ತುಂಬಿದ ವರ್ಷ ಅವನು ಬಾಗಿಲಲ್ಲೇ ನಿಂತು ಕೂಗಿದ.

“ಯಾ ಮೊಂಜಿಯಾ, ಸರ್ಕಾರ ಹೊಸ ಕಾನೂನು ಮಾಡಿದೆ! ಇಷ್ಟು ದಿನ ಗಾಲಿಕುರ್ಚಿ, ಊರುಗೋಲು, ಕಿವಿ ಮಿಷನ್ನು ಅಷ್ಟೇ ಕೊಡ್ತಿದ್ರು. ಈಗ ನಿನ್ನ ಮಗಳಂಥ ಮಕ್ಕಳಿಗೆ ಮಾತಾಡೋ ಹಲಗೆ ಕೊಡ್ತಾರಂತೆ. ಚಿತ್ರದ ಮೇಲೆ ಬೆರಳಿಟ್ರೆ ಅದೇ ಮಾತಾಡುತ್ತೆ.”

“ಹೋದ ವರ್ಷ ಚರಂಡಿ ಬರುತ್ತೆ ಅಂದಿದ್ರಿ ಸಿ ಲಝ್ಹರ್. ಅದಿನ್ನೂ ನಡ್ಕೊಂಡು ಬರ್ತಿದೆ.”

“ತಮಾಷೆ ಸಾಕು, ಕೇಳು. ಮೊದಲ ವರ್ಷ ಮನೇಲಿಟ್ಟು ಕಲಿಸ್ಬೇಕು. ಆಮೇಲೆ ಒಂದು ಪರೀಕ್ಷೆ. ಮಗು ಅದನ್ನ ಅರ್ಥ ಮಾಡ್ಕೊಂಡು ಬಳಸ್ತಿದೆ ಅಂತ ಕಂಡ್ರೆ ಅದು ನಿಮ್ಮದೇ. ಇಲ್ದಿದ್ರೆ ಸರದಿಯಲ್ಲಿರೋ ಇನ್ನೊಂದು ಮಗೂಗೆ ಹೋಗುತ್ತೆ. ಇರೋದೇ ನಾಲ್ಕು ಹಲಗೆ, ಇಡೀ ಜಿಲ್ಲೆಗೆ.”

ಮೊಂಜಿಯಾ ಅವತ್ತು ಮೊದಲ ಬಾರಿಗೆ ಓಮ್ದಾನಿಗೆ ಬಾದಾಮಿ ಹಾಕಿದ ಚಹಾ ಕೊಟ್ಟಳು.

ಹಲಗೆ ಕೊಡುವ ದಿನ ಭಾಷಣಗಳಾದವು, ಫೋಟೋ ತೆಗೆದರು, ದೊಡ್ಡ ಮನುಷ್ಯರೊಬ್ಬರು ರಿಹೆಮಳ ತಲೆ ಸವರಿದರು. ಅವಳಿಗೆ ತಲೆ ಮುಟ್ಟಿದರೆ ಆಗುವುದಿಲ್ಲ; ಕಿರುಚಿದಳು. ಖುಷಿಗೆ ಕಿರುಚಿದಳೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ರಾಜಧಾನಿಯಿಂದ ಬಂದಿದ್ದ ಹುಡುಗಿ ಬಳಸುವುದು ಹೇಗೆಂದು ಅರ್ಧ ಗಂಟೆ ತೋರಿಸಿ, ಬಸ್ಸು ತಪ್ಪುತ್ತದೆಂದು ಓಡಿದಳು. ಮಿಕ್ಕಿದ್ದನ್ನು ಮನೆಯವರೇ ಕಂಡುಕೊಳ್ಳಬೇಕಿತ್ತು.

ಮನೆಗೆ ತಂದು ಹಲಗೆ ತೆರೆದರೆ ತುಂಬ ಪುಟ್ಟ ಪುಟ್ಟ ಚೌಕ, ಒಂದೊಂದರಲ್ಲಿ ಒಂದು ಚಿತ್ರ, ಚಿತ್ರದ ಕೆಳಗೆ ಒಂದು ಪದ. ಊಟದ ಚಿತ್ರ ಒತ್ತಿದರೆ ಅದರ ಹಿಂದಿನಿಂದ ಇನ್ನೊಂದು ಪುಟ ತೆರೆದು ರೊಟ್ಟಿ, ಮೊಟ್ಟೆ, ಹಾಲು, ಹಣ್ಣು. ಮೊಂಜಿಯಾ ಆರನೇ ತರಗತಿಯವರೆಗೆ ಓದಿದವಳು, ಅಕ್ಷರ ಬರುತ್ತದೆ. ಮೊದಲು ಅವಳು ಹುಡುಕಿದ್ದು ‘ಬೇಕು’ ಎನ್ನುವುದನ್ನು. ಬೇಕು ಎನ್ನಲು ಬರದವರಿಗೆ ಇನ್ನೇನು ಬಂದು ಏನು ಪ್ರಯೋಜನ?

ಇಲ್ಲೇ ಆ ಎಡವಟ್ಟು ಆದದ್ದು. ನಮ್ಮ ಆಡುಮಾತಿನಲ್ಲಿ ‘ಬೇಕು’ ಎನ್ನುವುದಕ್ಕೂ ‘ಪ್ರೀತಿಸುತ್ತೇನೆ’ ಎನ್ನುವುದಕ್ಕೂ ಇರುವುದು ಒಂದೇ ಮಾತು: ನಹೆಬ್. ನೀರು ಬೇಕಾದರೂ ನಹೆಬ್, ಚಹಾ ಬೇಕಾದರೂ ನಹೆಬ್, ಗಂಡ ಹೆಂಡತಿಯ ಕಿವಿಯಲ್ಲಿ ಹೇಳುವುದೂ ನಹೆಬ್. ಯಾರಿಗೂ ಇದುವರೆಗೆ ಗೊಂದಲವಾದದ್ದಿಲ್ಲ. ಪುಸ್ತಕದ ಭಾಷೆಯಲ್ಲಿ ಮಾತ್ರ ಎರಡೂ ಬೇರೆ ಬೇರೆ. ಆದರೆ ಪುಸ್ತಕದ ಭಾಷೆಯನ್ನು ಮನೆಯಲ್ಲಿ ಯಾರು ಆಡುತ್ತಾರೆ? ಅದು ಇರುವುದು ಮಸೀದಿಯಲ್ಲಿ, ಶಾಲೆಯಲ್ಲಿ, ರೇಡಿಯೋದ ವಾರ್ತೆಯಲ್ಲಿ. ಹಲಗೆಯಲ್ಲಿ ಒಂದು ಚಾಚಿದ ಕೈಯ ಚಿತ್ರವಿತ್ತು, ಕೆಳಗೆ ಯಾವುದೋ ದೊಡ್ಡ ಪದ. ಪಕ್ಕದಲ್ಲಿ ಕೆಂಪು ಹೃದಯ. ಅದರ ಕೆಳಗೆ ನಹೆಬ್‌ನಲ್ಲಿ ಇರುವ ಅಕ್ಷರಗಳೇ. ಸಿಕ್ಕಿತು ಎಂದುಕೊಂಡಳು ಮೊಂಜಿಯಾ. ಮಗಳ ಬೆರಳು ಹಿಡಿದು ಹೃದಯದ ಮೇಲಿಟ್ಟಳು, ಆಮೇಲೆ ನೀರಿನ ಮೇಲೆ.

“ನಾನು ನೀರನ್ನು ಪ್ರೀತಿಸುತ್ತೇನೆ,” ಎಂದಿತು ಹಲಗೆ. ಅದೂ ಗಂಡು ದನಿಯಲ್ಲಿ, ವಾರ್ತೆ ಓದುವವನ ಗತ್ತಿನಲ್ಲಿ.

ರಿಹೆಮ್ ಬೆಚ್ಚಿಬಿದ್ದು ಹಲಗೆಯನ್ನೇ ನೋಡಿದಳು. ಅಮ್ಮ ಒಂದು ಲೋಟ ನೀರು ತಂದು ಕುಡಿಸಿದಳು. ಮತ್ತೆ ಒತ್ತಿಸಿದಳು, ಮತ್ತೆ ನೀರು. ಅಷ್ಟು ಹೊತ್ತಿಗೆ ಅವಳ ಗಂಡ ಬಶೀರ್ ಬಂದ. ಬಶೀರ್ ಗಾಬೆಸ್‌ಗೂ ಸ್ಫಾಕ್ಸ್‌ಗೂ ನಡುವೆ ಬಾಡಿಗೆ ವ್ಯಾನು ಓಡಿಸುವವನು. ಹೆಂಡತಿ ಒಂದು ಮಾತೂ ಮಿಗಿಸದ ಕಾರಣ ಮನೆಯಲ್ಲಿ ಹೆಚ್ಚು ಮಾತಿಲ್ಲ.

“ನಾನು ಸ್ಫಾಕ್ಸ್‌ಗೆ ಹೋಗ್ಬರೋದ್ರೊಳಗೆ ಮನೇಲಿ ಇನ್ನೊಬ್ಬ ಗಂಡಸನ್ನ ಕೂರಿಸ್ಕೊಂಡಿದೀಯಲ್ಲೇ?”

“ಅವನು ನಿನಗಿಂತ ವಾಸಿ. ಕೇಳಿದ್ದಕ್ಕೆ ಉತ್ತರ ಕೊಡ್ತಾನೆ,” ಎಂದಳು ಮೊಂಜಿಯಾ.

ಮೂರು ತಿಂಗಳು ಏನೂ ಆಗಲಿಲ್ಲ. ರಿಹೆಮ್ ಸುಮ್ಮನೆ ಎಲ್ಲೆಂದರಲ್ಲಿ ಒತ್ತುತ್ತಿದ್ದಳು; ವಾರ್ತೆಯವನು ಹುಚ್ಚು ಹಿಡಿದವನ ಹಾಗೆ ‘ಹಸು, ಸೋಮವಾರ, ಸಾಬೂನು’ ಎನ್ನುತ್ತಿದ್ದ. ಒಂದು ಬೆಳಿಗ್ಗೆ ಮೊಂಜಿಯಾ ಎಂದಿನಂತೆ ಮೊಟ್ಟೆ ಕಿವುಚಿ ಮಗಳ ಬಾಯಿಗಿಡುತ್ತಿದ್ದಾಗ ರಿಹೆಮಳ ಬೆರಳು ಮೆಲ್ಲಗೆ ಸರಿದು, ನಿಂತು, ಮೂರು ಕಡೆ ಒತ್ತಿತು.

“ನಾನು ಮೊಟ್ಟೆಯನ್ನು ನಿರಾಕರಿಸುತ್ತೇನೆ.”

ಚಮಚ ಕೈಯಲ್ಲೇ ಉಳಿಯಿತು. ಮಗಳಿಗೆ ಮೊಟ್ಟೆ ಎಂದರೆ ಪ್ರಾಣ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ಅವಳೇ. ದಿನಾ ಬೆಳಿಗ್ಗೆ ತಿನ್ನಿಸಿದ್ದಳು, ಮಗಳು ಮುಖ ತಿರುಗಿಸಿದರೆ ಗದ್ದ ಹಿಡಿದು ತಿನ್ನಿಸಿದ್ದಳು. ಹದಿನಾರು ವರ್ಷ ಈ ಹುಡುಗಿ ಬೇಡ ಬೇಡ ಎನ್ನುತ್ತಲೇ ಇದ್ದಳೇ? ಮೊಂಜಿಯಾ ನೆಲದ ಮೇಲೆ ಕೂತು ಅತ್ತಳು, ಅಳುತ್ತಲೇ ನಕ್ಕಳು, ಆಮೇಲೆ ಆ ಮೊಟ್ಟೆಯನ್ನು ತಾನೇ ತಿಂದಳು. ಒಲೆಯಿಂದ ಆಗ ತಾನೇ ತೆಗೆದ ತಬೂನಾ ರೊಟ್ಟಿಗೆ ಎಣ್ಣೆ ಸವರಿ ಮಗಳಿಗೆ ಕೊಟ್ಟರೆ, ಎರಡು ರೊಟ್ಟಿ ಮುಗಿಸಿದಳು.

ಅಲ್ಲಿಂದ ಮನೆಯ ಬಣ್ಣವೇ ಬೇರೆಯಾಯಿತು. ಒಂದು ಸಂಜೆ ಬಶೀರ್ ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಹಲಗೆ, “ನಾನು ತಂದೆಯನ್ನು ಪ್ರೀತಿಸುತ್ತೇನೆ,” ಎಂದಿತು. ಅವನು ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ನಿಂತುಬಿಟ್ಟ. ಕಣ್ಣು ತುಂಬಿದವು. ಅಷ್ಟರಲ್ಲಿ ಬೆರಳು ಇನ್ನೊಮ್ಮೆ ಚಲಿಸಿತು: “ವಾಹನ.”

“ಅಯ್ಯೋ ಇವಳ! ನಾನಲ್ಲ, ಇವಳಿಗೆ ವ್ಯಾನು ಬೇಕು!” ಎಂದು ಬಶೀರ್ ಕಣ್ಣೊರೆಸಿಕೊಂಡು ನಕ್ಕ. ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸಮುದ್ರದ ದಂಡೆಯವರೆಗೆ ಒಂದು ಸುತ್ತು ಹಾಕಿಸಿಕೊಂಡು ಬಂದ. ಬೇಕೋ ಪ್ರೀತಿಯೋ, ಅವನು ವಿಚಾರಿಸಲು ಹೋಗಲಿಲ್ಲ. ಆಮೇಲೆ ವ್ಯಾನಿನದೇ ಫೋಟೋ ತೆಗೆದು, ಫೋನಿನ ಅಂಗಡಿಯವನ ಕೈಕಾಲು ಹಿಡಿದು, ಅದನ್ನು ಹಲಗೆಯೊಳಗೆ ಸೇರಿಸಿಯೂ ಬಿಟ್ಟ.

ಇನ್ನೊಂದು ದಿನ ಶೆನಿನಿಯ ಒಂದು ಮನೆಯಲ್ಲಿ ಮದುಮಗಳಿಗೆ ಮದರಂಗಿ ಇಡುವ ಶಾಸ್ತ್ರ ನಡೆದಿತ್ತು. ಹೆಂಗಸರು ಡೋಲು ಬಡಿಯುವುದನ್ನು ಒಂದು ಗಳಿಗೆ ನಿಲ್ಲಿಸಿದ್ದರು. ಆ ನಿಶ್ಶಬ್ದದಲ್ಲಿ ಗಂಡು ದನಿಯೊಂದು ಗಂಭೀರವಾಗಿ ನುಡಿಯಿತು: “ನಾನು ಶೌಚಾಲಯವನ್ನು ಪ್ರೀತಿಸುತ್ತೇನೆ.”

ಗಂಡಸಿನ ದನಿ ಕೇಳಿದ್ದೇ ಹುಡುಗಿಯರೆಲ್ಲ ತಲೆಗೆ ಸೆರಗೆಳೆದುಕೊಂಡರು. ಕಿವಿ ಮಂದವಾದ ಒಬ್ಬ ಅಜ್ಜಿ ಕೈ ಎತ್ತಿ, “ಶ್! ವಾರ್ತೆ ಶುರುವಾಯ್ತು. ಯಾರು ಸತ್ರು ಕೇಳ್ರೇ,” ಎಂದಳು. ಮನೆ ಹಾರಿಹೋಗುವ ಹಾಗೆ ನಗು. ರಿಹೆಮ್ ಕೂಡ ನಕ್ಕಳು. ಆಮೇಲೆ ಮತ್ತೆ ಅದನ್ನೇ ಒತ್ತಿದಳು, ಈ ಸಲ ಬರೀ ನಗಿಸಲು. ಮಗಳಿಗೆ ತಮಾಷೆ ಮಾಡಲು ಬರುತ್ತದೆ ಎನ್ನುವುದು ಮೊಂಜಿಯಾಳಿಗೆ ಅವತ್ತು ಗೊತ್ತಾಯಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಹೌದು ಎಂದು ಅವಳು ಎಲ್ಲರೆದುರು ಜಂಬಪಟ್ಟಳು.

ವರ್ಷ ತುಂಬಿ ಪರೀಕ್ಷೆಗೆ ಕರೆ ಬಂದಾಗ ಅವಳಿಗೆ ಒಂದಿಷ್ಟೂ ಅಳುಕಿರಲಿಲ್ಲ. ಹಬ್ಬದ ಬಟ್ಟೆ ಹಾಕಿಸಿ, ಕೂದಲಿಗೆ ಎಣ್ಣೆ ಹಚ್ಚಿ ಬಾಚಿ, ಮಗಳನ್ನು ಕರೆದುಕೊಂಡು ಹೊರಟಳು. ಗಡಿಬಿಡಿಯಲ್ಲಿ ರಿಹೆಮ್ ಬೆಳಗಿನ ತಿಂಡಿ ತಿನ್ನಲಿಲ್ಲ. ಬಂದ ಮೇಲೆ ತಿಂದರಾಯಿತು ಎಂದುಕೊಂಡರು.

ಪರೀಕ್ಷೆ ನಡೆಸುವವರು ಮದಾಮ್ ಬುಸೈನಾ, ಮಾತು ಬಾರದವರಿಗೆ ಮಾತು ಕಲಿಸುವ ತಜ್ಞೆ, ಜಿಲ್ಲೆಗೆಲ್ಲ ಅವರೊಬ್ಬರೇ. ಮೂವತ್ತೈದರ ಆಸುಪಾಸಿನ, ನಿದ್ದೆಗೆಟ್ಟ ಕಣ್ಣಿನ ಹೆಂಗಸು. ರಿಹೆಮಳ ತಲೆ ಮುಟ್ಟಲಿಲ್ಲ, ಮೊದಲು ಬೆರಳು ಚಾಚಿ ಅವಳ ಬೆರಳಿಗೆ ತಾಗಿಸಿದರು. ಒಳ್ಳೆಯವಳು ಎಂದು ಮೊಂಜಿಯಾಳಿಗೆ ಅನಿಸಿತು.

“ಖಾಲ್ತಿ, ನೀವು ಹಿಂದೆ ಕೂತ್ಕೊಳ್ಳಿ. ಪರೀಕ್ಷೆ ಮುಗಿಯೋವರೆಗೆ ಒಂದು ಮಾತೂ ಆಡೋ ಹಾಗಿಲ್ಲ. ತಾಯಂದಿರು ಮಕ್ಕಳ ಪರವಾಗಿ ಉತ್ತರ ಹೇಳ್ಬಿಡ್ತಾರೆ ಅಂತ ಈ ನಿಯಮ. ಮಾತಾಡಿದ್ರೆ ಯಂತ್ರ ಕೇಳಿಸ್ಕೊಳ್ಳುತ್ತೆ, ಒಂದ್ಸಲ ಬಿಡುತ್ತೆ, ಎರಡನೇ ಸಲಕ್ಕೆ ಪರೀಕ್ಷೆ ರದ್ದು ಮಾಡುತ್ತೆ.”

ಪ್ರಶ್ನೆ ಕೇಳುವುದೂ ಯಂತ್ರ, ತಪ್ಪು ಸರಿ ಹಾಕುವುದೂ ಯಂತ್ರ. ಮನುಷ್ಯರಾದರೆ ಪಕ್ಷಪಾತ ಮಾಡುತ್ತಾರೆ ಎಂದು ರಾಜಧಾನಿಯಲ್ಲಿ ಕೂತವರು ಯೋಚಿಸಿ ಮಾಡಿದ ಏರ್ಪಾಡು. ಎಷ್ಟು ನ್ಯಾಯವಂತರು ನೋಡಿ.

ಮೇಜಿನ ಮೇಲಿನ ಪರದೆಯಲ್ಲಿ ಒಂದು ಲೋಟ ದಾಳಿಂಬೆ ರಸದ ಚಿತ್ರ ಮೂಡಿತು. “ನೀನು ಇದನ್ನು ಬಯಸುತ್ತೀಯೆಂದು ತಿಳಿಸು,” ಎಂದಿತು ಯಂತ್ರ.

ರಿಹೆಮ್ ತಡವರಿಸಲಿಲ್ಲ. ಹೃದಯ, ಆಮೇಲೆ ರಸ. “ನಾನು ಹಣ್ಣಿನ ರಸವನ್ನು ಪ್ರೀತಿಸುತ್ತೇನೆ.” ಪರದೆಯ ಮೂಲೆಯಲ್ಲಿ ಕೆಂಪು ಗುರುತು ಬಿತ್ತು.

ಚೆಂಡಿನ ಚಿತ್ರ. ಹೃದಯ, ಚೆಂಡು. ಕೆಂಪು. ಹೊದಿಕೆಯ ಚಿತ್ರ. ಹೃದಯ, ಹೊದಿಕೆ. ಕೆಂಪು. ಮೊಂಜಿಯಾಳಿಗೆ ಏನೂ ತಿಳಿಯಲಿಲ್ಲ. ಮಗಳು ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳುತ್ತಿದ್ದಾಳೆ, ಮನೆಯಲ್ಲಿ ಹೇಳಿದ ಹಾಗೇ ಹೇಳುತ್ತಿದ್ದಾಳೆ, ಆ ಯಂತ್ರಕ್ಕೆ ಏನು ಕೇಡು?

ಆಮೇಲೆ ಪರದೆಯ ಮೇಲೆ ಏನೂ ಚಿತ್ರವಿಲ್ಲದೆ ಪ್ರಶ್ನೆ ಬಂತು: “ನೀನು ಯಾರನ್ನು ಪ್ರೀತಿಸುತ್ತೀ?”

ಯಾವ ಮಗುವೂ ಇದಕ್ಕೆ ತಪ್ಪುವುದಿಲ್ಲ ಎಂದುಕೊಂಡೇ ಇಟ್ಟ ಪ್ರಶ್ನೆ ಇರಬೇಕು. ಆದರೆ ಆ ಮಾತು ರಿಹೆಮಳ ಕಿವಿಗೆ ಬಿದ್ದದ್ದು ಮನೆಯಲ್ಲಿ ಬೀಳುವ ಹಾಗೆಯೇ: ಏನು ಬೇಕಮ್ಮ ನಿಂಗೆ? ಬೆಳಗಿನಿಂದ ಖಾಲಿ ಹೊಟ್ಟೆ. ಅವಳು ಹೃದಯ ಒತ್ತಿದಳು, ಊಟ ಒತ್ತಿದಳು, ಹಿಂದಿನ ಪುಟ ತೆರೆದು ರೊಟ್ಟಿ ಒತ್ತಿದಳು.

“ನಾನು ರೊಟ್ಟಿಯನ್ನು ಪ್ರೀತಿಸುತ್ತೇನೆ.”

ಬಾಗಿಲಲ್ಲಿ ನಿಂತಿದ್ದ ಜವಾನ ಕಿಸಕ್ಕನೆ ನಕ್ಕ. ಮೊಂಜಿಯಾ ಎದ್ದು ನಿಂತಳು. “ಮದಾಮ್, ಅವಳಿಗೆ ಹಸಿ—”

“ಖಾಲ್ತಿ!” ಮದಾಮ್ ಬುಸೈನಾ ಕೈ ಎತ್ತಿದರು. “ದಯವಿಟ್ಟು. ಇನ್ನೊಂದು ಮಾತು ಆಡಿದ್ರೂ ಅದು ನಿಂತುಹೋಗುತ್ತೆ. ಆಮೇಲೆ ನಾನು ಏನೂ ಮಾಡೋಕಾಗಲ್ಲ.”

ಮೊಂಜಿಯಾ ತಲೆಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಳು. ಹುಟ್ಟಿದಾಗಿನಿಂದ ಈ ಮಗಳ ಪರವಾಗಿ ಬೇಕಾದ್ದೂ ಬೇಡಾದ್ದೂ ಮಾತಾಡಿದವಳು. ಮಾತಾಡಲೇಬೇಕಾದ ಆ ಒಂದು ಗಳಿಗೆಯಲ್ಲಿ ಬಾಯಿಗೆ ಬಟ್ಟೆ. ಹಿಂದಿನಿಂದ ಮಗಳ ಬೆನ್ನು ಕಾಣುತ್ತಿತ್ತು, ನೆಟ್ಟಗೆ ಕೂತಿದ್ದಳು. ತಾನು ಚೆನ್ನಾಗಿ ಮಾಡುತ್ತಿದ್ದೇನೆ ಎಂದುಕೊಂಡಾಗ ಮಾತ್ರ ಅವಳು ಹಾಗೆ ಕೂರುವುದು.

ಮುಗಿಯಿತು. ಯಂತ್ರ ತೀರ್ಪು ಕೊಟ್ಟಿತು: ಮಗು ಅರ್ಥ ತಿಳಿಯದೆ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತದೆ, ಉಪಯೋಗವಿಲ್ಲ. ಮದಾಮ್ ಬುಸೈನಾ ಉಸಿರು ಬಿಟ್ಟು ಕಣ್ಣುಜ್ಜಿಕೊಂಡರು. ಜವಾನನ ಕಡೆ ತಿರುಗಿ, “ಮೊಹ್ಸೆನ್, ಒಂದು ಕಾಫಿ ನಹೆಬ್, ಸಕ್ಕರೆ ಹಾಕ್—” ಎಂದವರು ಅಲ್ಲಿಗೇ ನಿಂತರು. ತಮ್ಮ ಬಾಯಿಂದ ಬಂದದ್ದನ್ನು ತಾವೇ ಕೇಳಿಸಿಕೊಂಡವರ ಹಾಗೆ ಮೆಲ್ಲಗೆ ರಿಹೆಮಳ ಹಲಗೆಯನ್ನು ನೋಡಿದರು.

“ಖಾಲ್ತಿ, ‘ಬೇಕು’ ಅನ್ನೋಕೆ ಇವಳಿಗೆ ಯಾವ ಚಿತ್ರ ಕಲಿಸಿದ್ರಿ?”

“ಹೃದಯ. ಅದರ ಕೆಳಗೆ ನಹೆಬ್ ಅಂತ ಇದೆಯಲ್ಲ ಮದಾಮ್. ಅದೇ ಅಕ್ಷರ ಅಲ್ವಾ?”

“ಅದೇ ಅಕ್ಷರ,” ಎಂದರು ಮದಾಮ್ ಬುಸೈನಾ. ಆಮೇಲೆ ಚಾಚಿದ ಕೈಯ ಚಿತ್ರ ತೋರಿಸಿ, ಪುಸ್ತಕದ ಭಾಷೆಯಲ್ಲಿ ಬೇಕು ಎಂದರೆ ಇದು, ಯಂತ್ರ ಕಾಯುತ್ತಿದ್ದದ್ದು ಇದನ್ನು ಎಂದು ತಿಳಿಸಿದರು. ಮೊಂಜಿಯಾಳ ಮುಖ ಬಿಳಿಚಿತು. ಅಂದರೆ ಮಗಳು ತಪ್ಪಿದ್ದಲ್ಲ. ತಾನು ಕಲಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ್ದಳು.

“ಹಾಗಾದ್ರೆ ಬರ್ಕೊಳ್ಳಿ ಮದಾಮ್! ತಪ್ಪು ತಾಯಿದು ಅಂತ ಬರ್ಕೊಳ್ಳಿ. ನಾಳೆ ಬರ್ತೀವಿ, ಕೈ ಒತ್ತಿಸ್ತೀನಿ.”

ಮದಾಮ್ ಬುಸೈನಾ ರಾಜಧಾನಿಗೆ ಫೋನು ಮಾಡಿದರು, ಮೊಂಜಿಯಾಳಿಗೂ ಕೇಳುವ ಹಾಗೆ ಜೋರಾಗಿ ಇಟ್ಟರು. ಎಲ್ಲ ವಿವರಿಸಿದರು, ಎರಡು ಸಲ ವಿವರಿಸಿದರು. ಆ ಕಡೆಯ ಮನುಷ್ಯ ಗದರಲಿಲ್ಲ, ಅವಸರ ಮಾಡಲಿಲ್ಲ.

“ನೀವು ಹೇಳೋದು ನೂರಕ್ಕೆ ನೂರು ಸರಿ ಮದಾಮ್. ಆದ್ರೆ ಆಡುಮಾತು ಅನ್ನೋದು ಕಾನೂನಿನಲ್ಲಿ ಭಾಷೆನೇ ಅಲ್ಲ. ಟೆಂಡರಿನಲ್ಲಿ ಬಂದಿರೋದು ಪುಸ್ತಕದ ಭಾಷೆ. ಬದಲಾಯಿಸ್ಬೇಕು ಅಂದ್ರೆ ಸಮಿತಿ ಆಗ್ಬೇಕು. ಸಮಿತಿ ಆದ್ರೂ ಯಾರ ಆಡುಮಾತು ಹಾಕೋದು, ನಿಮ್ಮ ಊರಿಂದಾ, ನಮ್ಮ ಊರಿಂದಾ? ತೀರ್ಪು ಒಂದ್ಸಲ ಒಳಗೆ ಹೋದ್ಮೇಲೆ ನನ್ನ ಕೈಯಿಂದ ತೆಗೆಯೋಕೆ ಬರಲ್ಲ. ನನಗೂ ಮಕ್ಕಳಿದಾರೆ ಮದಾಮ್. ನಾನೇನು ಮಾಡ್ಲಿ, ನೀವೇ ಹೇಳಿ.”

ಅಷ್ಟು ಹೊತ್ತು ಮಾತಾಡಿದ ಆ ಮನುಷ್ಯ ಒಂದೇ ಒಂದು ಪದವನ್ನೂ ಪುಸ್ತಕದ ಭಾಷೆಯಲ್ಲಿ ಆಡಲಿಲ್ಲ. ಫೋನು ಇಟ್ಟ ಮೇಲೆ ಮದಾಮ್ ಬುಸೈನಾ ಮೇಜಿನ ಅಂಚನ್ನೇ ನೋಡುತ್ತ ಹೇಳಿದರು: ಎರಡು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಬಹುದು, ಆದರೆ ಅಷ್ಟರಲ್ಲಿ ರಿಹೆಮ್‌ಗೆ ಹದಿನೆಂಟು ದಾಟಿರುತ್ತದೆ, ಈ ಕಾನೂನು ಇರುವುದು ಹದಿನೆಂಟರೊಳಗಿನವರಿಗೆ.

“ಹದಿನೆಂಟಾದ್ಮೇಲೆ ತಾನಾಗೇ ಬಾಯಿ ಬರುತ್ತಾ ಮದಾಮ್?”

“ನನ್ನ ಕೈಲಿ ಏನೂ ಇಲ್ಲ ಖಾಲ್ತಿ,” ಎಂದರು ಅವರು. ಕಣ್ಣಲ್ಲಿ ನೀರಿತ್ತು.

ಬೈಯಲು ಒಬ್ಬ ಕೆಟ್ಟವನಾದರೂ ಸಿಗಬಾರದಿತ್ತೇ? ಮೊಂಜಿಯಾಳ ಬಾಯಲ್ಲಿ ಬೈಗುಳಕ್ಕೇನು ಬರವಿಲ್ಲ. ಕೊರಳಪಟ್ಟಿ ಹಿಡಿಯಲು ಯಾರೂ ಇಲ್ಲದೆ ಅವೆಲ್ಲ ಗಂಟಲಲ್ಲೇ ಉಳಿದವು. ಕಾನೂನು ಒಳ್ಳೆಯದು, ಹಲಗೆ ಒಳ್ಳೆಯದು, ಮದಾಮ್ ಒಳ್ಳೆಯವರು, ಫೋನಿನವನೂ ಒಳ್ಳೆಯವನೇ. ಕೈಗೆ ಬಂದ ತುತ್ತು ಮಾತ್ರ ಬಾಯಿಗೆ ಬರಲಿಲ್ಲ.

ಜವಾನ ಮೊಹ್ಸೆನ್ ಹಲಗೆಯನ್ನು ಬಟ್ಟೆಯಿಂದ ಒರೆಸಿದ. ಯಾವುದೋ ಒಂದು ಕಡೆ ಒತ್ತಿ ಹಿಡಿದ. ಬಶೀರ್ ಸೇರಿಸಿದ್ದ ವ್ಯಾನಿನ ಫೋಟೋ ಅಳಿಸಿಹೋಯಿತು. ರಿಹೆಮ್ ಅವನ ಕೈಯನ್ನೇ ನೋಡುತ್ತ, ಈಗ ಕೊಡುತ್ತಾನೆ ಎಂದು ಬೆರಳು ಚಾಚಿಕೊಂಡು ನಿಂತಿದ್ದಳು. ಅವಳನ್ನು ಅಲ್ಲಿಂದ ಹೊರಡಿಸಲು ಮೊಂಜಿಯಾ ಎತ್ತಿಯೇ ತರಬೇಕಾಯಿತು.

ಹೊರಗಿನ ಬೆಂಚಿನ ಮೇಲೆ ಮತ್ಮಾತಾ ಬೆಟ್ಟದ ಕಡೆಯ ಒಬ್ಬ ಚಿಕ್ಕ ವಯಸ್ಸಿನ ತಾಯಿ, ಐದಾರು ವರ್ಷದ ಮಗನನ್ನು ತೊಡೆಯ ಮೇಲೆ ಅಮುಕಿ ಹಿಡಿದು ಕೂತಿದ್ದಳು. ಸರದಿಯಲ್ಲಿ ಮುಂದಿನವರು. ಮಗು ತನ್ನ ಮುಂಗೈಯನ್ನೇ ಕಚ್ಚುತ್ತಿತ್ತು. ಮೊಂಜಿಯಾ ಅವಳನ್ನು ದ್ವೇಷಿಸಲು ನೋಡಿದಳು, ಆಗಲಿಲ್ಲ.

“ಅಕ್ಕಾ, ಕಷ್ಟನಾ ಅದನ್ನ ಕಲಿಸೋದು?” ಎಂದು ಆ ಹೆಂಗಸು ಹೆದರಿ ಹೆದರಿ ಕೇಳಿದಳು.

“ಕಷ್ಟ ಇಲ್ಲ ತಂಗೀ. ಕೈ ಒತ್ತೋದು ಕಲಿಸು. ಚಾಚಿದ ಕೈ ಇರುತ್ತೆ ನೋಡು, ಅದು. ಹೃದಯ ಬೇಡ. ನಿನಗೆ ಹೃದಯಾನೇ ಸರಿ ಅನ್ಸುತ್ತೆ, ಆದ್ರೂ ಬೇಡ.”

ಅವಳಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದಳು.

ಬಶೀರ್ ಅವತ್ತು ಯಾರನ್ನಾದರೂ ಹೊಡೆಯಬೇಕೆಂದು ಹೊರಟ. ಯಾರನ್ನು ಎಂದು ಹೆಂಡತಿ ಕೇಳಿದಾಗ ಮೆಟ್ಟಿದ ಚಪ್ಪಲಿ ಮತ್ತೆ ಬಿಟ್ಟ. ಅಂಥದೇ ಹಲಗೆ ಕೊಳ್ಳಲು ವಿಚಾರಿಸಿದ. ಅಂಗಡಿಯವನು ಹೇಳಿದ ಬೆಲೆಗೆ ವ್ಯಾನೇ ಮಾರಬೇಕಿತ್ತು. ಓಮ್ದಾ ಬಂದು ಬಾಗಿಲಲ್ಲಿ ನಿಂತು, ಏನು ಹೇಳಬೇಕೋ ತಿಳಿಯದೆ, ಚರಂಡಿಯ ಕೆಲಸ ಮುಂದಿನ ತಿಂಗಳು ಶುರುವಾಗುತ್ತದೆ ಎಂದು ಹೇಳಿ ಹೋದ.

ಮೊಂಜಿಯಾ ಕೈಕಟ್ಟಿ ಕೂರುವವಳಲ್ಲ. ಮದರಂಗಿ ಬರೆದು ಪಳಗಿದ ಕೈ. ದೊಡ್ಡ ರಟ್ಟಿನ ಮೇಲೆ ಹಲಗೆಯ ಮೊದಲ ಪುಟದ ಚೌಕಗಳನ್ನೆಲ್ಲ ನೆನಪಿನಿಂದ ಬಿಡಿಸಿದಳು. ನೀರು, ಊಟ, ಅಮ್ಮ, ಅಪ್ಪ, ಬಾಗಿಲು, ಹೃದಯ. ಅಂದವಾಗಿಯೇ ಬಂತು. ರಿಹೆಮ್ ಅದನ್ನು ಬಹಳ ಹೊತ್ತು ನೋಡಿದಳು. ಊಟದ ಚಿತ್ರ ಒತ್ತಿದಳು, ಹಿಂದಿನ ಪುಟ ತೆರೆಯಲೆಂದು ಕಾದಳು. ರಟ್ಟಿನಲ್ಲಿ ಏನು ತೆರೆಯುತ್ತದೆ? ಮತ್ತೆ ಒತ್ತಿದಳು, ಇನ್ನೂ ಬಲವಾಗಿ. ಆಮೇಲೆ ಮೊಣಕೈಯಿಂದ ಆ ರಟ್ಟನ್ನು ನೆಲಕ್ಕೆ ತಳ್ಳಿದಳು.

ಮರುದಿನ ಊಟದ ಮೇಜಿನ ಮುಂದೆ ಕೂತಿದ್ದಾಗ ಅವಳ ಬೆರಳು ಮೇಜಿನ ಮೇಲೆ ಹಾಸಿದ್ದ ಬರಿಯ ಹಾಳೆಯ ಮೇಲೆ ಚಲಿಸಿತು. ಎಡಕ್ಕೆ ಒಂದು ಕಡೆ ಒತ್ತಿದಳು. ನಡುವೆ ಒಂದು ಕಡೆ. ಅಂಚಿನ ಹತ್ತಿರ ಇನ್ನೊಂದು. ತಲೆಯೆತ್ತಿ ಅಮ್ಮನ ಮುಖ ನೋಡಿದಳು.

ಇದು ಸುಮ್ಮನೆ ಆಡುವ ಕೈಯಲ್ಲ. ಮಗಳು ಚಿತ್ರ ನೋಡಿ ಒತ್ತುತ್ತಿದ್ದಳೆಂದು ಮೊಂಜಿಯಾ ತಿಳಿದಿದ್ದಳು. ಆ ಬೆರಳು ಜಾಗಗಳನ್ನೇ ಬಾಯಿಪಾಠ ಮಾಡಿಕೊಂಡಿತ್ತು, ಪುಟದ ಹಿಂದಿನ ಪುಟಗಳನ್ನೂ. ಈ ಮೂರು ಜಾಗದಲ್ಲಿ ಪೂರ್ತಿ ಒಂದು ಮಾತಿದೆ. ಆದರೆ ನಡುವಿನದು ಏನಾಗಿತ್ತು? ಅದರ ಹಿಂದಿನ ಪುಟದಲ್ಲಿ ಆ ಅಂಚಿನಲ್ಲಿ ಏನಿತ್ತು?

“ನೀರಾ ಮಗಳೇ?”

ರಿಹೆಮ್ ಬಲಗಡೆಯ ಕೆಳಮೂಲೆ ಮುಟ್ಟಿದಳು. ಅದೊಂದು ಮೊಂಜಿಯಾಳಿಗೆ ನೆನಪಿತ್ತು: ನಿರಾಕರಿಸುತ್ತೇನೆ.

“ಹೊರಗೆ ಹೋಗ್ಬೇಕಾ? ಅಪ್ಪ ಬೇಕಾ? ವ್ಯಾನಾ? ಎಲ್ಲಾದ್ರೂ ನೋವಾ?”

ಕೆಳಮೂಲೆ. ಕೆಳಮೂಲೆ. ಮತ್ತೆ ಕೆಳಮೂಲೆ.

“ನನಗೆ ಗೊತ್ತಾಗ್ತಿಲ್ಲ ಕಣೇ,” ಎಂದಳು ಮೊಂಜಿಯಾ.

ರಿಹೆಮ್ ಸಿಟ್ಟಾಗಲಿಲ್ಲ. ಬೆರಳನ್ನು ಎತ್ತಿ ಮೊದಲಿನಿಂದ ಶುರುಮಾಡಿದಳು. ಎಡಕ್ಕೆ ಒತ್ತಿ, ಅಮ್ಮ ನೋಡಿದಳೇ ಎಂದು ನೋಡಿದಳು. ನಡುವೆ ಒತ್ತಿ, ಕಾದಳು. ಅಂಚಿನಲ್ಲಿ ಒತ್ತಿದಳು. ಕಿವಿ ಕೇಳದ ಮುದುಕರಿಗೆ ನಾವೆಲ್ಲ ಹೇಳುತ್ತೇವಲ್ಲ, ಹಾಗೆ ಬಿಡಿಸಿ ಬಿಡಿಸಿ, ಪ್ರತಿ ಸಲವೂ ಇನ್ನಷ್ಟು ನಿಧಾನವಾಗಿ ಹೇಳುತ್ತಲೇ ಇದ್ದಳು.